ಕತ್ತಿರುವ ಒಲೆ

ಬಸ್ಸಿಳಿದ ತಕ್ಷಣ ಮೂಗಿಗೆ ಸಿಗುವುದು ಅವರೆಯ ಸೊಗಡು. ಶಿಡ್ಲಘಟ್ಟ ದಾಟಿ ಚಿಂತಾಮಣಿ ರಸ್ತೆಯಲ್ಲಿ ಸ್ವಲ್ಪ ದೂರ ಬಂದಿದ್ದೀರಿ. ಧನುರ್ಮಾಸ, ಸಂಜೆ ಆರೂವರೆ. ಬಸ್ಸಿನ ಹಿಂದಿನ ದೀಪ ತಿರುವಿನಲ್ಲಿ ಮರೆಯಾದದ್ದೇ ತಡ, ಕತ್ತಲು ಮೈಗೆ ತಾಗುವಷ್ಟು ಹತ್ತಿರ ಬರುತ್ತದೆ. ಪಡುವಲಲ್ಲಿ ನಂದಿಬೆಟ್ಟದ ಸಾಲು ಕಪ್ಪಗೆ ಕೂತಿದೆ. ಗಾಳಿ ಮಾತ್ರ ಮೂಡಲಿಂದ, ತೆಳ್ಳಗೆ, ಕಿವಿ ಹುಡುಕಿಕೊಂಡು ಬರುತ್ತಿದೆ. ಸ್ವೆಟರಿನ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳಿ.

ಕಾಲುದಾರಿಯ ಎರಡೂ ಬದಿ ಹಿಪ್ಪುನೇರಳೆ. ಎಡಕ್ಕೆ ಸೊಪ್ಪು ಎದೆಯೆತ್ತರ ನಿಂತಿದೆ, ಬಲಕ್ಕೆ ರೆಂಬೆ ಕೊಯ್ದು ಬರೀ ಮೋಟು ಉಳಿದಿದೆ. ತೋಟ ಮುಗಿಯುವ ಕಡೆ ಒಂದು ಮನೆ, ಅದರ ಪಕ್ಕಕ್ಕೆ ರೇಷ್ಮೆ ಸಾಕುವ ಹುಳುಮನೆ, ಹಿಂದೆ ಹಿತ್ತಲು. ಆ ಹಿತ್ತಲಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಒಂದು ಕೆಂಪು ಬಾಯಿ ಕಾಣಿಸುತ್ತಿದೆ. ಬಯಲಲ್ಲಿ ಹೊತ್ತಿಸಿದ ಬೆಂಕಿಯ ಹಾಗೆ ಅದು ಎತ್ತೆತ್ತಲೋ ಕುಣಿಯುತ್ತಿಲ್ಲ. ಒಂದೇ ದಿಕ್ಕಿಗೆ ಮುಖ ಮಾಡಿ ಉರಿಯುತ್ತಿದೆ.

"ಬಾರಪ್ಪ, ಇಷ್ಟೊತ್ತಾ? ಕೈಕಾಲು ತೊಳ್ಕೊಂಡು ಸೀದಾ ಹಿತ್ತಲಿಗೆ ಬಾ. ಹುಳುಮನೆ ಕಡೆ ಹೋಗ್ಬೇಡ, ಜ್ವರದಲ್ಲಿದಾವೆ" ಎನ್ನುತ್ತಾಳೆ ಅಕ್ಕ. ನಿಮಗೂ ಅದೇ ಮಾತು. ತೊಟ್ಟಿಯ ನೀರು ಕಾಲಿಗೆ ಬಿದ್ದರೆ ಸೂಜಿ ಚುಚ್ಚಿದ ಹಾಗಾಗುತ್ತದೆ. ತೊಳೆದ ಕಾಲಲ್ಲೇ ಓಡಿ ಹೋಗಿ ಆ ಕೆಂಪು ಬಾಯಿಯ ಮುಂದೆ ಕೂತುಕೊಳ್ಳಿ.

ಈಗ ಅದನ್ನು ಸರಿಯಾಗಿ ನೋಡಿ. ಗುಡಾಣದಂಥ ಹೊಟ್ಟೆ. ಹೊಟ್ಟೆಯ ಮುಂಭಾಗದಲ್ಲಿ ಎರಡು ಕೈ ಒಟ್ಟಿಗೆ ಹಿಡಿಸುವಷ್ಟು ಅಗಲದ ಬಾಯಿ. ಮೇಲಕ್ಕೆ ಹೋಗುತ್ತಾ ಕಿರಿದಾಗಿ ಮೊಳದುದ್ದದ ಕತ್ತು. ಸುಟ್ಟ ಮಣ್ಣು, ಹೆಂಚಿನ ಬಣ್ಣ, ಬಾಯಿಯ ಮೇಲ್ತುಟಿ ಮಾತ್ರ ಮಸಿ ಹಿಡಿದು ಕಪ್ಪಾಗಿದೆ. ಕೆಳಗೆ ಮೂರು ಕಾಲಿನ ಕಬ್ಬಿಣದ ಪೀಠ, ಅದರ ಕೆಳಗೆ ಚಪ್ಪಡಿ ಕಲ್ಲು. ಹೊಗೆಯೆಲ್ಲ ಕತ್ತಿನ ತುದಿಯಿಂದ ಹೊರಟು ನಮ್ಮ ತಲೆಯ ಮೇಲೆ ಹಾದು ತೋಟದ ಕಡೆ ಹೋಗುತ್ತಿದೆ. ಅರ್ಧ ಗಂಟೆ ಕೂತರೂ ನಿಮ್ಮ ಕಣ್ಣಲ್ಲಿ ನೀರು ಬರುವುದಿಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ಇಂಥದ್ದನ್ನು ಫೋನಿನಲ್ಲಿ ನೋಡಿ ಆಸೆಪಟ್ಟವನು ಅವನು. ಮೆಕ್ಸಿಕೋದ ಮನೆಗಳಲ್ಲಿ ಚಳಿಗೂ ಅಡುಗೆಗೂ ಒದಗುತ್ತಿದ್ದ ಮಣ್ಣಿನ ಒಲೆ ಇದು. ಈಗ ಚಳಿ ದೇಶಗಳ ಕೈತೋಟಗಳಲ್ಲೆಲ್ಲ ಇಡುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಹೊಗೆಗೂಡಿಗೆ ಇರುವ ಹೆಸರೇ ಒಲೆಗೂ ಬಂದಿದೆ. ಮೊದಲ ದಿನ ಅವನು ಅವ್ವನಿಗೆ (ಈ ಸೀಮೆಯಲ್ಲಿ ಅಜ್ಜಿಯನ್ನು ಅವ್ವ ಅನ್ನುವವರು ಬಹಳ) "ಇದರ ಹೆಸರು ಚಿಮಿನಿಯಾ" ಅಂದನಂತೆ. ಅವ್ವ, "ಅದನ್ನೇ ಕಣೋ ನಾನೂ ಕೇಳ್ತಿರೋದು, ಚಿಮಿಣಿಯಾ ಇದು?" ಅಂದರಂತೆ. ಆಮೇಲೆ ಒಂದು ಸುತ್ತು ಹಾಕಿ, ಹೊಟ್ಟೆ ತಟ್ಟಿ, "ನಮ್ಮ ಬಚ್ಚಲ ನೀರೊಲೆಗೆ ಕತ್ತು ಬಂದಂಗೈತೆ" ಅಂದರು. ಆ ದಿನದಿಂದ ಮನೆಯಲ್ಲಿ ಇದು ಕತ್ತಿನೊಲೆ. ನನಗೂ ಆ ಹೆಸರೇ ಸರಿಯೆನಿಸಿದೆ.

ಬೆಂಕಿ ಇಳಿಯುತ್ತಿದೆ. ಅಕ್ಕ ಮತ್ತೆ ಸೌದೆ ಕೊಡುವುದನ್ನು ಹತ್ತಿರದಿಂದ ನೋಡಿ. ಹುಳುಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ಹೊರೆ ಗೋಡೆಗೆ ಒರಗಿದೆ. ಹೆಬ್ಬೆರಳಿಗಿಂತ ತೆಳು, ಬೆಣ್ಣೆಯ ಬಣ್ಣ, ಮುರಿದರೆ ಪಟ್ ಅನ್ನುವಷ್ಟು ಒಣಗಿದೆ. ನಾಲ್ಕು ಕಡ್ಡಿಯನ್ನು ಅಡ್ಡಕ್ಕೆ, ನಾಲ್ಕನ್ನು ಉದ್ದಕ್ಕೆ, ನಡುವೆ ಗಾಳಿಯಾಡುವಂತೆ ಹೊಟ್ಟೆಯ ಹಿಂಭಾಗಕ್ಕೆ ಸೇರಿಸುತ್ತಾಳೆ. ಬಾಯಿಯ ಹತ್ತಿರ ಏನನ್ನೂ ಇಡುವುದಿಲ್ಲ. ಮುಂದೆ ಕೆಂಡ, ಹಿಂದೆ ಉರಿ. ಊದುಕೊಳವೆ ಬೇಕಿಲ್ಲ. ದೇವರ ಮನೆಯಿಂದ ಒಂದು ಊದುಬತ್ತಿ ತಂದು ಬಾಯಿಯ ಮುಂದೆ ಹಿಡಿದರೆ, ನೆಟ್ಟಗೆ ಏಳಬೇಕಾದ ಹೊಗೆ ಬಾಗಿ ಒಳಕ್ಕೇ ಹೋಗುತ್ತದೆ. ಕತ್ತಿನೊಳಗಿನ ಬಿಸಿ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗ ತುಂಬಲು ಹೊರಗಿನ ತಣ್ಣನೆ ಗಾಳಿ ಬಾಯಿಯಿಂದ ನುಗ್ಗುತ್ತದೆ. ಒಲೆಗೆ ಉಸಿರು ಎಳೆದುಕೊಡುವುದೇ ಆ ಕತ್ತು. ಕಿವಿಗೊಟ್ಟರೆ ಕೇಳಿಸುತ್ತದೆ, ಸಣ್ಣಗೆ ಹೂಂಕರಿಸಿದ ಹಾಗೆ.

ಬೇರೆ ಸೌದೆಯೂ ಇದೆ. ನೀಲಗಿರಿ, ಜಾಲಿ ಇಲ್ಲಿ ಯಾರ ಹೊಲದ ಬದುವಿನಲ್ಲಾದರೂ ಸಿಗುತ್ತದೆ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಾಟನಿ ಮಾಡಿದಾಗ ಕಡ್ಡಿ ರಾಶಿ ರಾಶಿ ಬೀಳುತ್ತದೆ. ಗೌರಿಬಿದನೂರಿನ ಚಿಕ್ಕಮ್ಮ ಬಂದರೆ ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡನ್ನು ಗೋಣಿಯಲ್ಲಿ ತುಂಬಿ ತರುತ್ತಾಳೆ. ಬೆಂಕಿ ಹೊತ್ತಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ದ್ರಾಕ್ಷಿ ಕಡ್ಡಿಯನ್ನು ಅಡುಗೆಯ ಬೆಂಕಿಗೆ ಹಾಕಲು ಅಕ್ಕ ಬಿಡುವುದಿಲ್ಲ. ತೋಟಕ್ಕೆ ಹೊಡೆದ ಔಷಧಿ ಸಿಪ್ಪೆಯಲ್ಲಿ ಕೂತಿರುತ್ತದೆ, ಆ ಹೊಗೆ ತಿಂಡಿಗೆ ತಾಗಬಾರದು ಅನ್ನುತ್ತಾಳೆ. ಹುಳು ಸಾಕುವವರಿಗೆ ಔಷಧಿಯ ವಿಷಯದಲ್ಲಿ ಇರುವ ಎಚ್ಚರ ಬೇರೆಯವರಿಗೆ ಬರುವುದು ಕಷ್ಟ. ಪಕ್ಕದ ಹೊಲದಲ್ಲಿ ಹೊಡೆದ ಔಷಧಿಯ ಗಾಳಿ ಬೀಸಿದರೂ ಒಂದು ಬೆಳೆ ಹೋಗುತ್ತದೆ.

ನೀವು ಒರಗಿಕೊಂಡಿರುವ ಕಲ್ಲು ಕಂಬದ ಬುಡದಲ್ಲಿ ಒಡೆದ ಮಣ್ಣಿನ ದೊಡ್ಡ ಹೋಳುಗಳಿವೆ, ನೋಡಿ. ಅದು ಮೊದಲನೆಯ ಒಲೆ. ಚಿಂತಾಮಣಿ ಕಡೆಯ ಕುಂಬಾರರೊಬ್ಬರಿಗೆ ಚಿತ್ರ ತೋರಿಸಿ ಮಾಡಿಸಿದ್ದು. ಹೊಟ್ಟೆಯನ್ನೂ ಕತ್ತನ್ನೂ ತಿಗರಿಯ ಮೇಲೆ ಬೇರೆ ಬೇರೆ ಎತ್ತಿ, ಅರೆ ಒಣಗಿದಾಗ ಜೋಡಿಸಿ, ಚಾಕುವಿನಲ್ಲಿ ಬಾಯಿ ಕೊರೆದು ಆವಿಗೆಗೆ ಇಟ್ಟಿದ್ದರು. ಕೆರೆ ಜೇಡಿಗೆ ಮರಳೂ ಹೊಟ್ಟೂ ಬೆರೆಸಿದ ಮಣ್ಣು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಈ ಜಿಲ್ಲೆಯ ಕೆರೆಗಳಿಗೆ ಬಂದ ಮೇಲೆ ಬೇಕಾದಾಗ ಜೇಡಿ ತೆಗೆಯಲಾಗುವುದಿಲ್ಲ, ನೀರಿಳಿಯುವುದನ್ನು ಕಾಯಬೇಕು ಅಂದಿದ್ದರಂತೆ. ಕೆರೆ ತುಂಬಿದ್ದಕ್ಕೆ ಅವರಿಗೆ ಬೇಜಾರೇನೂ ಇರಲಿಲ್ಲ.

ಒಲೆ ಚೆನ್ನಾಗಿಯೇ ಇತ್ತು. ಕೆಡಿಸಿದವರು ನಾವು. ಮನೆಗೆ ತಂದ ಸಂಜೆಯೇ ಭಾವನೂ ನಾನೂ ಸೇರಿ ಹುಣಸೆ ಸೌದೆ ತುಂಬಿ ಉರಿ ಹಾಕಿದೆವು. ಕತ್ತಿನಿಂದ ಬೆಂಕಿ ನಾಲಿಗೆ ಚಾಚಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಠಸ್ ಅಂದ ಸದ್ದು. ಬಾಯಿಯ ಮೂಲೆಯಿಂದ ಹಿಂದಿನ ತನಕ ಒಂದು ಗೆರೆ ಓಡಿತು, ಹೊಟ್ಟೆ ಎರಡಾಯಿತು. ಒಳಗಿನ ಮೈ ಕಾದು ಹಿಗ್ಗಿದಷ್ಟು ಬೇಗ ಹೊರಗಿನ ಮೈ ಹಿಗ್ಗುವುದಿಲ್ಲ. ಮಣ್ಣಿನೊಳಗೆ ಉಳಿದ ತೇವ ಹಬೆಯಾಗಿ ದಾರಿ ಹುಡುಕುತ್ತದೆ. ಕುಂಬಾರರು ಎರಡನೆಯದನ್ನು ಕೊಡುವಾಗ ಬೈದೇ ಹೇಳಿಕೊಟ್ಟರು. ತಳಕ್ಕೆ ನಾಲ್ಕು ಬೆರಳು ಮರಳು ಹಾಕಬೇಕು, ಬೆಂಕಿ ನೇರವಾಗಿ ಮಣ್ಣಿನ ಮೇಲೆ ಕೂರಬಾರದು. ಮೊದಲ ಸಂಜೆ ತರಗು, ಎರಡನೇ ಸಂಜೆ ಪುರಲೆ, ಆಮೇಲೆ ಸಣ್ಣ ಕಡ್ಡಿ. ಹೀಗೆ ವಾರ ಪೂರ್ತಿ ಬಿಸಿಗೆ ರೂಢಿ ಮಾಡಿಸಬೇಕು. ನೀರು ಹೊಯ್ದು ಬೆಂಕಿ ಆರಿಸಲೇಬಾರದು. ಮಳೆಯಲ್ಲಿ ನೆನೆಯಲು ಬಿಡಬಾರದು. ಹೊಸ ಮಡಕೆಯನ್ನು ಪಳಗಿಸದೆ ಒಲೆಗೇರಿಸಬಾರದು ಅಂತ ಗೊತ್ತಿರುವ ಮನೆಯಲ್ಲಿ, ಒಲೆಯನ್ನೇ ಪಳಗಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಎಂಟು ಗಂಟೆ. ಮೈಯ ಮುಂಭಾಗ ಬಿಸಿಯಾಗಿದೆ, ಬೆನ್ನಿಗೆ ಚಳಿ ಹಾಗೇ ಇದೆ. ಯಾವ ಒಲೆಯೂ ಬಯಲನ್ನು ಬಿಸಿ ಮಾಡಲಾರದು. ಬಾಯಿಯ ಮುಂದೆ ಅರ್ಧ ಚಂದ್ರದ ಹಾಗೆ ನಾಲ್ಕೈದು ಜನ ಕೂತರೆ ಅಷ್ಟೂ ಜನಕ್ಕೆ ಸಾಕು, ಆರನೆಯವರು ಗೋಡೆಗೆ ಒರಗಬೇಕು. ಗೋಡೆ ಎಂಟು ಅಡಿ ದೂರದಲ್ಲಿದ್ದರೂ ಮುಟ್ಟಿದರೆ ಬೆಚ್ಚಗಿದೆ. ಅದಕ್ಕೇ ಒಲೆಯ ಬಾಯನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಾರೆ, ಗಾಳಿಗೆ ಬೆನ್ನು ಕೊಟ್ಟು.

ಮೊರದ ತುಂಬ ಹಿತಕಿದ ಬೇಳೆ. ಮಧ್ಯಾಹ್ನದಿಂದ ನೆನೆದ ಅವರೆಕಾಳನ್ನು ಅವ್ವ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತುತ್ತಾರೆ. ಬೇಳೆ ಚಿಮ್ಮಿ ಮೊರಕ್ಕೆ, ಸಿಪ್ಪೆ ಬುಟ್ಟಿಗೆ. ಸಾರು ಒಳಗೆ ಗ್ಯಾಸ್ ಮೇಲೆ ಆಗುತ್ತದೆ, ಮುದ್ದೆಯೂ ಅಲ್ಲೇ. ಕತ್ತಿನೊಲೆಯ ಮೇಲೆ ತಪ್ಪಲೆ ಇಡಲು ಜಾಗವಿಲ್ಲ. ಇದರ ಅಡುಗೆ ಬಾಯಿಯಲ್ಲಿ ಮತ್ತು ಬೂದಿಯಲ್ಲಿ. ಅಕ್ಕ ಕೆಂಡವನ್ನು ಮುಂದಕ್ಕೆ ಎಳೆದು ಎರಡು ಇಟ್ಟಿಗೆ ಚೂರಿನ ಮೇಲೆ ಕಬ್ಬಿಣದ ಜಾಲರಿ ಕೂರಿಸುತ್ತಾಳೆ. ಎಣ್ಣೆ ಸವರಿದ ಗುಂಡು ಬದನೆಕಾಯಿ, ನಾಲ್ಕು ಟೊಮೆಟೊ, ಹಸಿಮೆಣಸಿನಕಾಯಿ. ಬೂದಿಯೊಳಗೆ ಆಗಲೇ ಗೆಣಸು ಹೂತಿದೆ.

ಬದನೆಕಾಯಿಯ ಸಿಪ್ಪೆ ಮೊದಲು ಹೊಳಪು ಕಳೆದುಕೊಳ್ಳುತ್ತದೆ. ಆಮೇಲೆ ಸುಕ್ಕುಗಟ್ಟುತ್ತದೆ. ಒಂದು ಕಡೆ ಬಿರಿದು ರಸ ಕೆಂಡಕ್ಕೆ ಬಿದ್ದು ಚುಯ್ ಅನ್ನುತ್ತದೆ. ಅಕ್ಕ ಬರಿಗೈಯಲ್ಲೇ ತೊಟ್ಟು ಹಿಡಿದು ತಿರುಗಿಸುತ್ತಾಳೆ. ಬಯಲ ಬೆಂಕಿಯಲ್ಲಿ ಒಂದು ಮೈ ಸೀದು ಇನ್ನೊಂದು ಮೈ ಹಸಿ ಉಳಿಯುತ್ತದೆ; ಇಲ್ಲಿ ಕೆಳಗೆ ಕೆಂಡ, ಮೇಲೆ ಕಾದ ಮಣ್ಣಿನ ಚಾವಣಿ, ಎರಡೂ ಕಡೆಯಿಂದ ಬೇಯುತ್ತದೆ. ಕಾಲು ಗಂಟೆಗೆ ಇಡೀ ಕಾಯಿ ಸೊರಗಿ ಕೂತಿತು. ಸಿಪ್ಪೆ ಸುಲಿದು, ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕೈಯಲ್ಲೇ ಕಿವುಚಿದ ಗೊಜ್ಜು. ರಾಗಿ ರೊಟ್ಟಿಯ ತುದಿಯಲ್ಲಿ ತೆಗೆದುಕೊಳ್ಳಿ. ಹೊಗೆಯ ರುಚಿ ಇದೆ, ಹೊಗೆಯ ಒಗರಿಲ್ಲ. ಗೆಣಸಿಗೆ ಇನ್ನೂ ಹೊತ್ತು ಬೇಕು, ಕೆದಕಬೇಡಿ.

"ಇಂಥಾದ್ದೇ ಚಿಮಿಣಿ ನಮ್ಮನೇಲಿ ಇತ್ತು ಕಣಪ್ಪ" ಅನ್ನುತ್ತಾರೆ ಅವ್ವ, ಬೇಳೆಯಿಂದ ಕಣ್ಣು ಎತ್ತದೆ. ಅವರು ಹೇಳುತ್ತಿರುವುದು ಅಸ್ತ್ರ ಒಲೆಯ ಮಾತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಮುಂದೆ ನಿಂತು, ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕೆಂದು ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿನವರು ರೂಪಿಸಿದ ಮಣ್ಣಿನ ಒಲೆಗೆ ಒಂದೇ ಉರಿಯಲ್ಲಿ ಮೂರು ಪಾತ್ರೆ ಕೂರುತ್ತಿದ್ದವು, ಹೊಗೆ ಕೊಳವೆಯಲ್ಲಿ ಚಾವಣಿಯಾಚೆ ಹೋಗುತ್ತಿತ್ತು. 1980ರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿ ಹಳ್ಳಿಗೂ ಬಂತು. ಅವ್ವನ ಅಡುಗೆ ಮನೆಗೂ. "ಮೊದಲ ದಿನ ಅಡುಗೆ ಮಾಡಿ ಆಚೆ ಬಂದೆ, ಕಣ್ಣು ಉರೀಲೇ ಇಲ್ಲ. ಒಲೇನೇ ಹತ್ತಿಲ್ವೇನೋ ಅಂತ ಒಳಗೆ ಹೋಗಿ ನೋಡ್ದೆ." ಎರಡು ವರ್ಷದಲ್ಲಿ ಕೊಳವೆಗೆ ಮಸಿ ಕಟ್ಟಿತು. ಮನೆಯ ಗಂಡಸರು ಯಾರೂ ಹೆಂಚು ಹತ್ತಿ ಅದನ್ನು ಬಡಿದು ಕೊಡಲಿಲ್ಲ. ಅವ್ವ ಮತ್ತೆ ಹಳೆಯ ಒಲೆಯ ಮುಂದೆ ಕೂತರು, ಗ್ಯಾಸ್ ಬರುವ ತನಕ. ಈಗ ಅವರ ಬಲಗಣ್ಣಿನ ಪೊರೆ ತೆಗೆಸಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಕತ್ತಿನೊಲೆಗೆ ತಿಂಗಳಿಗೊಮ್ಮೆ ತೆಂಗಿನ ಪೊರಕೆ ತೂರಿಸಿ ಮಸಿ ಉದುರಿಸುವ ಕೆಲಸವನ್ನು ಅವರು ಮೊಮ್ಮಗನಿಗೇ ವಹಿಸಿದ್ದಾರೆ. ಅವನು ಊರಿಗೆ ಬಂದರೆ ಊಟಕ್ಕೂ ಮುಂಚೆ ಅದನ್ನು ಕೇಳುತ್ತಾರೆ.

ಒಂಬತ್ತೂ ಕಾಲಿಗೆ ಕರೆಂಟ್ ಹೋಗುತ್ತದೆ. ಅಕ್ಕ ಎದ್ದಳು. ಹುಳುಮನೆಯ ಹೀಟರ್ ನಿಂತಿತು ಅಂತ ಅರ್ಥ. ಎರಡನೇ ಜ್ವರ ಎದ್ದ ಮರಿಗಳನ್ನು, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತಂದದ್ದು, ಐವತ್ತು ಮೊಟ್ಟೆ. ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಗುಂಪು, ನಾನೂರರ ಆಸುಪಾಸು ಹುಳು. ಈಗ ಅವು ಮೂರನೇ ಜ್ವರದಲ್ಲಿವೆ. ಜ್ವರ ಅಂದರೆ ಕಾಯಿಲೆಯಲ್ಲ, ಹಳೆಯ ಚರ್ಮ ಕಳಚುವ ಹೊತ್ತು. ಒಳಗೆ ಇಪ್ಪತ್ತೈದು ಡಿಗ್ರಿಯ ಹತ್ತಿರ ಇರಬೇಕು. ತಣ್ಣಗಾದರೆ ಜ್ವರ ಏಳುವುದು ತಡವಾಗುತ್ತದೆ, ಒಂದು ಎದ್ದರೆ ಇನ್ನೊಂದು ಏಳುವುದಿಲ್ಲ, ಬೆಳೆ ಮೇಲುಕೀಳಾಗುತ್ತದೆ. ಆಮೇಲೆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಯ ಜಾಲರಿಗೆ ಬಿದ್ದಾಗ, ಒಂದು ಹಿಡಿ ಎತ್ತಿ ನೋಡುವ, ನೂಲು ತೆಗೆಯುವ ರೀಲರ್‌ಗೆ ಅದು ತಕ್ಷಣ ಗೊತ್ತಾಗುತ್ತದೆ.

ಹಿಂದೆಲ್ಲ ಇಂಥ ರಾತ್ರಿ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಕೆಂಡ ತುಂಬಿ ಹುಳುಮನೆಯೊಳಗೆ ಇಡುತ್ತಿದ್ದರು. ನಾನು ಒಂಬತ್ತು ವರ್ಷದವನಿದ್ದಾಗ ನಮ್ಮ ತಾತನ ಮನೆಯಲ್ಲಿ ಅಂಥದೇ ಒಂದು ರಾತ್ರಿ. ಚಳಿ ತಡೆಯದೆ ಹುಳುಮನೆಯ ಮೂಲೆಯಲ್ಲಿ ಅಗ್ಗಿಷ್ಟಿಕೆಯ ಪಕ್ಕ ಗೋಣಿ ಹಾಸಿಕೊಂಡು ಮಲಗಿದ್ದೆ. ಗಾಳಿ ಬರದಿರಲೆಂದು ಕಿಟಕಿಗೂ ಗೋಣಿ ತುರುಕಿದ್ದರು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಕೆಂಡ ಚೆಂದವಾಗಿ ಮಿನುಗುತ್ತಿತ್ತು. ನಡುರಾತ್ರಿ ಸೊಪ್ಪು ಹಾಕಲು ಬಂದ ಅಕ್ಕ ಕೂಗಿದರೆ ನಾನು ಓಗೊಡಲಿಲ್ಲ. ಅವಳಿಗೆ ಆಗ ಹದಿನಾಲ್ಕು. ತೋಳು ಹಿಡಿದು ನೆಲದ ಮೇಲೆ ಎಳೆದುಕೊಂಡು ಅಂಗಳಕ್ಕೆ ತಂದಳು. ತಲೆ ಸೀಳಿ ಹೋಗುವಂಥ ನೋವು, ವಾಂತಿ, ಕಾಲು ನನ್ನದಲ್ಲ ಎನ್ನುವ ಹಾಗೆ ಜೋಲಾಡುತ್ತಿದ್ದದ್ದು, ಮೇಲೆ ಒಂದು ರಾಶಿ ನಕ್ಷತ್ರ. ಇಷ್ಟು ನೆನಪಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ ಎಂದು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಪ್ರತಿ ಚಳಿಗಾಲ ಪತ್ರಿಕೆಯ ಒಳಪುಟದಲ್ಲಿ ಅಂಥ ಸಾವಿನ ಸುದ್ದಿ ಕಂಡಾಗ ನನ್ನ ಕೈ ಈಗಲೂ ತಣ್ಣಗಾಗುತ್ತದೆ.

ಅಕ್ಕ ಆ ರಾತ್ರಿಯ ಮಾತನ್ನು ಎತ್ತುವುದಿಲ್ಲ. ಆದರೆ ಅವಳ ಮನೆಯಲ್ಲಿ ಕೆಂಡ ಹೊಸ್ತಿಲು ದಾಟುವುದಿಲ್ಲ. ನೋಡಿ, ಇಕ್ಕಳ ತೆಗೆದುಕೊಂಡಳು. ಕತ್ತಿನೊಲೆಯ ಹೊಟ್ಟೆಯ ಹಿಂಭಾಗದಲ್ಲಿ ಸಂಜೆಯಿಂದ ಐದು ಇಟ್ಟಿಗೆ ಕಾಯುತ್ತಿವೆ, ಅದನ್ನು ನೀವು ಗಮನಿಸಿರಲಿಕ್ಕಿಲ್ಲ. ಒಂದೊಂದನ್ನೇ ಹಿಡಿದು, ಅಂಟಿದ ಕಿಡಿಯನ್ನು ಚಪ್ಪಡಿಗೆ ತಟ್ಟಿ ಉದುರಿಸಿ, ಕಬ್ಬಿಣದ ಬಾಂಡ್ಲಿಗೆ ಇಡುತ್ತಾಳೆ. ಕಲ್ಲಿನ ಚೂರು ಇಡುವಂತಿಲ್ಲ, ಕಾದರೆ ಸಿಡಿಯಬಹುದು. ಒಣಗಿದ ಇಟ್ಟಿಗೆಯೇ ಆಗಬೇಕು. ಖಾಲಿಯಾದ ಜಾಗಕ್ಕೆ ಇನ್ನೈದು. "ಬಾಗಿಲು ತೆಗಿ" ಅನ್ನುತ್ತಾಳೆ, ನಿಮಗೇ.

ಹೊಸ್ತಿಲ ಹೊರಗೇ ನಿಂತು ಇಣುಕಿ. ಚಿಕ್ಕ ಕೋಣೆ, ಮೇಲಿನ ಬೆಳಕಿಂಡಿ ತೆರೆದೇ ಇದೆ. ಟಾರ್ಚಿನ ಬೆಳಕು ಗೋಡೆಯ ಥರ್ಮಾಮೀಟರಿನ ಮೇಲೆ ಬೀಳುತ್ತದೆ, ಇಪ್ಪತ್ತೆರಡು. ಬಾಂಡ್ಲಿಯನ್ನು ಸ್ಟ್ಯಾಂಡಿನಿಂದ ದೂರಕ್ಕೆ, ಕೋಣೆಯ ನಡುವೆ ಇಟ್ಟಿದ್ದಾಳೆ. ಟಾರ್ಚು ಒಂದು ಸಲ ತಟ್ಟೆಯ ಮೇಲೆ ಹಾಯುತ್ತದೆ. ಸಾವಿರಾರು ಹುಳು, ಒಂದೂ ಅಲ್ಲಾಡುತ್ತಿಲ್ಲ. ಎಲ್ಲವೂ ಮೈಯ ಮುಂಭಾಗ ಎತ್ತಿ, ತಲೆ ಮೇಲೆ ಮಾಡಿ ನಿಂತಿವೆ. ತಿನ್ನುವ ಸದ್ದಿಲ್ಲ. ಮೇಲೆ ಉದುರಿಸಿದ ಸುಣ್ಣದ ಪುಡಿ ಕಪ್ಪು ತಲೆಗಳ ನಡುವೆ ಬೆಳ್ಳಗೆ ಕಾಣುತ್ತದೆ. ಅಕ್ಕ ಬಗ್ಗಿ ಒಂದರ ಮೂತಿಯನ್ನು ನೋಡಿ, "ಬೆಳಿಗ್ಗೆಗೆ ಏಳ್ತಾವೆ" ಎಂದು ಪಿಸುಗುಟ್ಟಿದಳು.

ಇಟ್ಟಿಗೆಯ ಬಿಸಿ ಎರಡು ಮೂರು ಡಿಗ್ರಿ ಏರಿಸುತ್ತದೆ, ಒಂದೆರಡು ಗಂಟೆ ಹಿಡಿದು ನಿಲ್ಲಿಸುತ್ತದೆ. ದೊಡ್ಡ ಹುಳುಮನೆಗೆ ಇದು ಯಾತಕ್ಕೂ ಸಾಲದು. ಕರೆಂಟ್ ಬರುವ ತನಕ ಈ ಕೋಣೆಗೆ ಸಾಕು. ಹತ್ತೂವರೆಗೆ ಎರಡನೇ ಕಂತು ಒಳಗೆ ಹೋಗುತ್ತದೆ, ಹನ್ನೆರಡಕ್ಕೆ ಮೂರನೆಯದು. ನಡುವೆ ನಾವು ಬೂದಿ ಕೆದಕಿ ಗೆಣಸು ತೆಗೆದೆವು. ಸಿಪ್ಪೆ ಸುಟ್ಟು ಇದ್ದಿಲಾಗಿದೆ, ಮುರಿದರೆ ಒಳಗೆ ಹಳದಿ, ಅಂಚಿನಲ್ಲಿ ಬೆಲ್ಲದ ಪಾಕದ ಹಾಗೆ ಜಿನುಗಿದ ಸಿಹಿ. ಅವ್ವನಿಗೆ ಮೆತ್ತನೆಯ ತುಂಡು, ಉಪ್ಪು ಸವರಿ. ಅವರು ಅರ್ಧ ತಿಂದು, ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದರು.

ಒಂದು ಗಂಟೆ ಸುಮಾರಿಗೆ ಹುಳುಮನೆಯಲ್ಲಿ ಹೀಟರಿನ ಕೆಂಪು ದೀಪ ಹತ್ತಿತು. ಅಕ್ಕ ಬಾಂಡ್ಲಿ ಹೊರಗೆ ತಂದು ಇಟ್ಟಿಗೆಗಳನ್ನು ಚಪ್ಪಡಿಯ ಮೇಲೆ ಸಾಲಾಗಿ ಇಟ್ಟಳು. ಕೆಂಡಕ್ಕೆ ಬೂದಿ ಮುಚ್ಚಿದಳು, ನೀರು ಹಾಕಲಿಲ್ಲ. ಇಬ್ಬನಿ ಸುರಿಯಲು ಶುರುವಾಗಿದೆ, ಅವರೆ ಹೊಲದ ಕಡೆಯಿಂದ ಸೊಗಡು ಈಗ ಇನ್ನೂ ದಟ್ಟ. ಒಲೆಯ ಕತ್ತಿನ ಮೇಲೆ ಅಂಗೈ ಇಡಿ. ಕರು ಹಾಕಿದ ಹಸುವಿನ ಗಂಗೆದೊಗಲಿನಷ್ಟು ಬೆಚ್ಚಗಿದೆ. ಅಕ್ಕ ಹಳೆಯ ಒಲೆಯ ಹೋಳೊಂದನ್ನು ಕಲ್ಲು ಕಂಬದ ಬುಡದಿಂದ ಎತ್ತಿ ತಂದು, ನಿಮ್ಮ ಕೈ ಸರಿಸಿ, ಆ ಕತ್ತಿನ ಮೇಲೆ ಬೋರಲು ಹಾಕಿದಳು.

"ಇಬ್ಬನಿ ಒಳಗಿಳಿದ್ರೆ ನಾಳೆ ಬಿರಿತೈತೆ" ಅಂದಳು. "ಹೋಗ್ರಪ್ಪ, ಮಲಕ್ಕಳಿ. ನಾನು ಇನ್ನೊಂದು ಸಲ ಹುಳ ನೋಡ್ಬಿಟ್ಟು ಬತ್ತೀನಿ."